ಒಂದೇ ಮೆಗಾಹರ್ಟ್ಸ್ ಯಾಕ್ರೀ ಸರ್?

ಪುಣೆಯ ಹಿಂಜೇವಾಡಿಯ ನಮ್ಮ ಆಫೀಸಿಗೆ ಹುಬ್ಬಳ್ಳಿಯ ಹುಡುಗಿಯೊಬ್ಬಳು ಇಂಟರ್ನ್ ಆಗಿ ಬಂದಿದ್ದಾಳೆ. ಹೋದ ತಿಂಗಳು ನನ್ನ ಸ್ಕ್ರೀನಿನಲ್ಲಿದ್ದ ಆಂಪ್ಲಿಫೈಯರ್ ಸಿಮ್ಯುಲೇಶನ್ ನೋಡಿ ಕೇಳಿದಳು: "ಎರಡು ಟೋನ್ ನಡುವೆ ಒಂದೇ ಮೆಗಾಹರ್ಟ್ಸ್ ಯಾಕ್ರೀ ಸರ್?"

"ಎಲ್ಲರೂ ಹಾಗೇ ಹಾಕ್ತಾರಮ್ಮ" ಎಂದೆ. ಹದಿನಾಲ್ಕು ವರ್ಷ ಆಂಪ್ಲಿಫೈಯರ್ ಮಾಡಿದವನ ಉತ್ತರ ಇದು! ನನಗೇ ನಾಚಿಕೆಯಾಯಿತು.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಆಂಪ್ಲಿಫೈಯರ್ ಸಿಗ್ನಲ್ಲನ್ನು ಎಷ್ಟು ಕೆಡಿಸುತ್ತದೆ ಎಂದು ನೋಡಲು ಪಕ್ಕಪಕ್ಕದ ಎರಡು ಟೋನ್ (ಒಂದೊಂದೇ ಫ್ರೀಕ್ವೆನ್ಸಿಯ ಸಿಗ್ನಲ್) ಕೊಡುತ್ತೇವೆ. 3500 ಮತ್ತು 3501 ಮೆಗಾಹರ್ಟ್ಸ್ ಕೊಟ್ಟರೆ, 3499 ಮತ್ತು 3502ರಲ್ಲಿ ನಾವು ಕೊಡದ ಎರಡು ಕಳ್ಳ ಟೋನ್ ಹುಟ್ಟುತ್ತವೆ. ಅವು ಸಣ್ಣದಿದ್ದಷ್ಟೂ ಒಳ್ಳೆಯದು.

ಅಂತರ ಯಾಕೆ ಮುಖ್ಯ? ಸವಾಯಿ ಗಂಧರ್ವ ಉತ್ಸವಕ್ಕೆ ಹೋದವರಿಗೆ ಹೇಳುವುದು ಸುಲಭ. (ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿ ಮುಂದೆ ನಿಂತು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದು. ನಮ್ಮವರದೇ ಹಬ್ಬ, ಅಲ್ವಾ?) ತಂಬೂರಿಯ ಜೋಡಿ ತಂತಿಗಳು ಕೂದಲೆಳೆಯಷ್ಟು ತಪ್ಪಿದರೆ ದನಿ ಅಲೆಅಲೆಯಾಗಿ ಏರಿಳಿಯುತ್ತದೆ. ಜಾಸ್ತಿ ತಪ್ಪಿದರೆ ಅಲೆ ಬೇಗ ಬೇಗ ಬರುತ್ತದೆ. ನಮ್ಮ ಎರಡು ಟೋನ್‌ಗಳೂ ಹಾಗೆಯೇ. 1 ಮೆಗಾಹರ್ಟ್ಸ್ ಅಂತರವಿದ್ದರೆ ಸೆಕೆಂಡಿಗೆ ಹತ್ತು ಲಕ್ಷ ಸಲ ಏರಿಳಿತ. ಟ್ರಾನ್ಸಿಸ್ಟರ್ ಎಳೆಯುವ ಕರೆಂಟ್ ಕೂಡ ಅದರ ಜೊತೆ ಕುಣಿಯುತ್ತದೆ. ಆ ಕರೆಂಟ್ ಬರಬೇಕಾದದ್ದು ಬಯಾಸ್ ಲೈನಿನಿಂದ, ಅಂದರೆ ಟ್ರಾನ್ಸಿಸ್ಟರ್‌ಗೆ ವಿದ್ಯುತ್ ಕೊಡುವ ದಾರಿಯಿಂದ.

ನಮ್ಮ ಬಯಾಸ್ ಲೈನಿನಲ್ಲಿ 1 ಮೈಕ್ರೊಹೆನ್ರಿ ಚೋಕ್ (ಏರಿಳಿತ ಬೇಗವಾದಷ್ಟೂ ಜಾಸ್ತಿ ತಡೆಯೊಡ್ಡುವ ತಂತಿ ಸುರುಳಿ) ಇತ್ತು. 1 ಮೆಗಾಹರ್ಟ್ಸ್‌ಗೆ ಅದು ಸುಮಾರು 6 ಓಮ್, ಏನೂ ತೊಂದರೆಯಿಲ್ಲ. 20 ಮೆಗಾಹರ್ಟ್ಸ್‌ಗೆ ಸುಮಾರು 126 ಓಮ್. ಕರೆಂಟ್ ಬೇಕಾದಾಗ ಬರುವುದಿಲ್ಲ, ಟ್ರಾನ್ಸಿಸ್ಟರ್‌ನ ಔಟ್‌ಪುಟ್ ಕಾಲಿನ (ಡ್ರೇನ್) ವೋಲ್ಟೇಜ್ ತೂಗಾಡುತ್ತದೆ. ಆ ಹುಡುಗಿ ಅಂತರವನ್ನು 20ಕ್ಕೆ ಏರಿಸಿ ಸಿಮ್ಯುಲೇಶನ್ ಓಡಿಸಿದಳು. ಕಳ್ಳ ಟೋನ್‌ಗಳು ಎದ್ದು ಕುಳಿತವು, ಅದೂ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ. ಈ ಆಂಪ್ಲಿಫೈಯರ್ ಹೋಗುವುದು 100 ಮೆಗಾಹರ್ಟ್ಸ್ ಅಗಲದ 5ಜಿ ಚಾನೆಲ್‌ಗೆ, ಅಲ್ಲಿ ಏರಿಳಿತ 1 ಮೆಗಾಹರ್ಟ್ಸ್‌ಗಿಂತ ಎಷ್ಟೋ ಬೇಗ. ಹಿಂದಿನ ಪ್ರಾಜೆಕ್ಟಿನಲ್ಲೂ ಲ್ಯಾಬಿನ ಅಳತೆ ಹೀಗೆ ವಾರೆ ಬಂದಿತ್ತು. ಆಗ ನಾನು ಬೈದದ್ದು ಕೇಬಲ್ಲಿಗೆ!

ಸಿಮ್ಯುಲೇಶನ್‌ನಲ್ಲಿ ಚೋಕನ್ನು ಐಡಿಯಲ್ (ಪುಸ್ತಕದಲ್ಲಿ ಮಾತ್ರ ಇರುವಂಥದ್ದು) ಇಟ್ಟರೆ ಇನ್ನೂ ಮೋಸ. ಅದು ಏರಿಳಿತವಿಲ್ಲದ ಕರೆಂಟ್ (ಡಿಸಿ) ಬಿಟ್ಟು ಬೇರೇನನ್ನೂ ಒಳಗೆ ಬಿಡುವುದಿಲ್ಲ, ನಿಮ್ಮ ಬೋರ್ಡಿನಲ್ಲಿ ಇಲ್ಲದ ಕಾಯಿಲೆಯನ್ನು ಅದೇ ತೋರಿಸುತ್ತದೆ.

ಹಾಗಂತ ಸುಮ್ನೆ ಅಂತರ ಹಿಗ್ಗಿಸಿದರೂ ಆಗದು. ತೀರಾ ದೂರ ಇಟ್ಟರೆ ಕಳ್ಳ ಟೋನ್‌ಗಳು ಮ್ಯಾಚಿಂಗ್ ಸರ್ಕ್ಯೂಟ್ ದಾಟಲು ಬಿಡುವ ಫ್ರೀಕ್ವೆನ್ಸಿಗಳ ಆಚೆ ಬಿದ್ದು ತಾವಾಗಿ ಸಣ್ಣಗಾಗುತ್ತವೆ. ಆಂಪ್ಲಿಫೈಯರ್ ಚಿನ್ನ ಅನಿಸುತ್ತದೆ. ತೀರಾ ಹತ್ತಿರ, 1 ಕಿಲೊಹರ್ಟ್ಸ್ ಇಟ್ಟು ಟ್ರಾನ್ಸಿಯೆಂಟ್ (ಕ್ಷಣಕ್ಷಣದ ಲೆಕ್ಕ ಹಾಕುವ ಸಿಮ್ಯುಲೇಶನ್) ಓಡಿಸಿದರೆ ಒಂದು ಅಲೆ ಮುಗಿಯಲು 1 ಮಿಲಿಸೆಕೆಂಡ್, ಅಂದರೆ ಕ್ಯಾರಿಯರ್‌ನ (ನಮ್ಮ 3500 ಮೆಗಾಹರ್ಟ್ಸ್ ಸಿಗ್ನಲ್ಲಿನ) 35 ಲಕ್ಷ ಸುತ್ತು. ಊರಿಗೆ ಹೋಗಿ ಬನ್ನಿ. ಟ್ರಾನ್ಸಿಸ್ಟರ್ ಬಿಸಿಯಾಗಿ ತಣಿಯುವ ಆಟ ಕಾಣುವುದು ಇಂಥ ಸಣ್ಣ ಅಂತರದಲ್ಲೇ, ಆದರೆ ಮಾಡೆಲ್‌ನಲ್ಲಿ ಆ ಬಿಸಿಯ ಲೆಕ್ಕ ಇರಬೇಕು.

ಹಾಗಾಗಿ ನನ್ನ ಮಟ್ಟಿಗೆ "ಸರಿಯಾದ ಅಂತರ" ಅನ್ನುವ ಒಂದು ನಂಬರೇ ಇಲ್ಲ. ಡೇಟಾಶೀಟ್‌ನ ನಂಬರ್ ಹೋಲಿಕೆಗೆ ಮಾತ್ರ. ಈಗ ಹಾರ್ಮೋನಿಕ್ ಬ್ಯಾಲೆನ್ಸ್‌ನಲ್ಲಿ (ಕ್ಷಣಕ್ಷಣದ ಬದಲು ಟೋನ್‌ಗಳನ್ನೇ ನೇರವಾಗಿ ಲೆಕ್ಕ ಹಾಕುವ ಸಿಮ್ಯುಲೇಶನ್) 100 ಕಿಲೊಹರ್ಟ್ಸ್‌ನಿಂದ 100 ಮೆಗಾಹರ್ಟ್ಸ್‌ವರೆಗೆ ಅಂತರ ಬದಲಿಸುತ್ತಾ ಹೋಗುತ್ತೇವೆ, ನಿಜವಾದ ಚೋಕ್ ಮಾಡೆಲ್ ಹಾಕಿ. ಅಲ್ಲಿ ಅಂತರ ಎಷ್ಟಿದ್ದರೂ ಲೆಕ್ಕಕ್ಕೆ ಹಿಡಿಯುವ ಹೊತ್ತು ಅಷ್ಟೇ. ಕೆಳಗೆ ಹೋಗಿ ಒಂದು ಕಟಿಂಗ್ ಚಹಾ ಕುಡಿದು ಬರುವಷ್ಟರಲ್ಲಿ ಗ್ರಾಫ್ ಬಂದಿರುತ್ತದೆ.