ಸತ್ಯಾಂಶ: ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲೂ ವ್ಯಾಪಾರದ ಖರ್ಚು ಕಳೆಯಬಹುದು

“ಹೊಸ ತೆರಿಗೆ ಪದ್ಧತಿಗೆ ಹೋದರೆ ಅಂಗಡಿ ಬಾಡಿಗೆ, ಕೂಲಿ ಯಾವುದನ್ನೂ ಕಳೆಯುವಂತಿಲ್ಲ” ಎಂಬ ವಾಟ್ಸಾಪ್ ಸಂದೇಶ ನಂಬಿ ದಾವಣಗೆರೆಯ ಸಣ್ಣ ವ್ಯಾಪಾರಿಗಳು ಗಾಬರಿಯಾಗಬೇಕಿಲ್ಲ. ಅದು ತಪ್ಪು.

ಅಲ್ಲಿ ಸಿಗದಿರುವುದು ಎಲ್‌ಐಸಿ ಕಂತು, ಉಳಿತಾಯ ಯೋಜನೆಯಾದ ಪಿಪಿಎಫ್‌ನಂಥ ವೈಯಕ್ತಿಕ ರಿಯಾಯಿತಿ. ಬೆಣ್ಣೆದೋಸೆ ಹೋಟೆಲಿನ ಬೆಣ್ಣೆ, ಸೌದೆ, ಭಟ್ಟರ ಸಂಬಳ, ಮಂಡಕ್ಕಿ ಭಟ್ಟಿಯ ಭತ್ತ ಎಲ್ಲವೂ ವ್ಯಾಪಾರದ ಖರ್ಚೇ. ಅದನ್ನು ಕಳೆದು ಉಳಿದ ಲಾಭಕ್ಕಷ್ಟೇ ತೆರಿಗೆ. ಮನೆಗೆ ಒಯ್ದ ಬೆಣ್ಣೆ ಮಾತ್ರ ಲೆಕ್ಕಕ್ಕೆ ಬರದು.

ಒಬ್ಬರಿಗೇ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಸಾಮಾನ್ಯವಾಗಿ ಆ ಖರ್ಚನ್ನು ಒಪ್ಪುವುದಿಲ್ಲ. ಸಗಟು ದಿನಸಿ ಅಂಗಡಿಗೆ ಬ್ಯಾಂಕ್ ಮೂಲಕವೇ ಕೊಡಿ, ದಯವಿಟ್ಟು ಬಿಲ್ ಇಟ್ಟುಕೊಳ್ಳಿ. ರೈತರಿಂದ ನೇರವಾಗಿ ಕೊಂಡ ಭತ್ತಕ್ಕೆ ಈ ಮಿತಿಯಿಲ್ಲ.

ವಹಿವಾಟಿನ ಶೇ. 6 ಅಥವಾ 8ರಷ್ಟನ್ನು ಲಾಭವೆಂದು ಅಂದಾಜಿನಲ್ಲಿ ತೋರಿಸುವವರು ಮಾತ್ರ ಬೇರೆ ಖರ್ಚು ಕಳೆಯುವಂತಿಲ್ಲ. ಬಹುಶಃ ಈ ಗೊಂದಲವೇ ಆ ಸಂದೇಶದ ಮೂಲ.