ಗೂಗಲ್ ಕೀಪ್ ಮುಚ್ಚುತ್ತಿಲ್ಲ, ನಿಮ್ಮ ನೋಟ್‌ಗಳು ಎಲ್ಲೂ ಹೋಗಲ್ಲ

"ಗೂಗಲ್ ಕೀಪ್ ಬಂದ್ ಆಗ್ತಿದೆ, ನೋಟ್ಸ್ ಎಲ್ಲ ಅಳಿಸಿ ಹೋಗುತ್ತೆ, ಈ ಲಿಂಕ್‌ನಲ್ಲಿರುವ ಆ್ಯಪ್‌ಗೆ ಬೇಗ ವರ್ಗಾಯಿಸಿ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ನೋಟ್ ಬರೆದಿಡುವ ಗೂಗಲ್‌ನ ಈ ಆ್ಯಪ್ ಮುಚ್ಚುತ್ತಿಲ್ಲ.

ನಿಜವಾಗಿ ಬದಲಾಗಿರುವುದು ರಿಮೈಂಡರ್ ಮಾತ್ರ. ಕೀಪ್‌ನಲ್ಲಿ ಇಡುವ ರಿಮೈಂಡರ್‌ಗಳು ಈಗ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಗೂಗಲ್ ಟಾಸ್ಕ್ಸ್‌ನಲ್ಲಿ ಉಳಿಯುತ್ತವೆ. ಅಲ್ಲಿಂದ ಕ್ಯಾಲೆಂಡರ್‌ನಲ್ಲೂ ಕಾಣಿಸುತ್ತವೆ. ಜಾಗಕ್ಕೆ ತಕ್ಕಂತೆ ನೆನಪಿಸುವ ಸೌಲಭ್ಯ, ಅಂದರೆ ಅಂಗಡಿ ಹತ್ತಿರ ಹೋದಾಗ ದಿನಸಿ ಪಟ್ಟಿ ನೆನಪಿಸುವಂಥದ್ದು, ಈಗಿಲ್ಲ. ಅದನ್ನು ನಂಬಿಕೊಂಡಿದ್ದವರಿಗೆ ಇದು ನಿಜಕ್ಕೂ ನಷ್ಟವೇ. ಆದರೆ ನೋಟ್, ಪಟ್ಟಿ, ಫೋಟೋ, ಲೇಬಲ್ ಎಲ್ಲ ಇದ್ದಲ್ಲೇ ಇವೆ. ಕೀಪ್‌ನ ಸಹಾಯ ಪುಟದಲ್ಲಿ ಗೂಗಲ್ ಈ ಬದಲಾವಣೆಯನ್ನು ವಿವರಿಸಿದೆ, ನೀವೇ ಓದಿ ನೋಡಬಹುದು.

ಗೊಂದಲಕ್ಕೆ ಹಳೆಯ ಸುದ್ದಿಯೂ ಕಾರಣ ಇರಬಹುದು. 2021ರಲ್ಲಿ ಕಂಪ್ಯೂಟರ್‌ನ ಕ್ರೋಮ್ ಬ್ರೌಸರ್‌ಗಿದ್ದ ಕೀಪ್ ಆ್ಯಪ್ ನಿಂತಿತ್ತು. ವೆಬ್‌ಸೈಟ್, ಮೊಬೈಲ್ ಆ್ಯಪ್ ಆಗಲೂ ನಿಂತಿರಲಿಲ್ಲ.

ಆ ಲಿಂಕ್ ಮಾತ್ರ ಒತ್ತಬೇಡಿ. ಕೀಪ್‌ನಲ್ಲಿ ಪಾಸ್‌ವರ್ಡ್, ಬ್ಯಾಂಕ್ ವಿವರ ಬರೆದಿಟ್ಟವರು ಜಾಸ್ತಿ ಜನ ಇದ್ದಾರೆ ಅಲ್ವಾ? ಗೊತ್ತಿಲ್ಲದ ಆ್ಯಪ್‌ಗೆ ಅದನ್ನೆಲ್ಲ ಕೊಡುವುದು ಅಪಾಯ. ನೋಟ್‌ಗಳ ಪ್ರತಿ ಬೇಕಿದ್ದರೆ, ನಮ್ಮ ಡೇಟಾ ಇಳಿಸಿಕೊಳ್ಳಲು ಗೂಗಲ್ಲೇ ಕೊಟ್ಟಿರುವ ಗೂಗಲ್ ಟೇಕೌಟ್‌ನಲ್ಲಿ ಕೀಪ್ ಒಂದನ್ನೇ ಆರಿಸಿ ಇಳಿಸಿಕೊಳ್ಳಿ, ದುಡ್ಡು ಬೇಕಿಲ್ಲ. ಗಾಬರಿಯಲ್ಲಿ ನೋಟ್ ಅಳಿಸಿದ್ದರೆ ಟ್ರ್ಯಾಶ್‌ನಲ್ಲಿ 7 ದಿನ ಇರುತ್ತದೆ, ಅಷ್ಟರೊಳಗೆ ವಾಪಸ್ ತನ್ನಿ.

ಆ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.