"ನಾಳೆ ಬಾ" ಅನ್ನೋಕೆ ಗೇಟ್ ಕಾಯೋರೇನು ದೆವ್ವಗಳಾ?

ಒಂದು ಕಾಲದಲ್ಲಿ ಬೆಂಗಳೂರಿನ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು, ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಈಗ ಆ ಮಂತ್ರ ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ಏಜೆನ್ಸಿಗಳ ಬಾಯಿಗೆ ಬಂದಿದೆ. ದುಡಿದ ತಿಂಗಳ ಸಂಬಳ ಕೇಳಿದ್ರೆ ನಾಳೆ ಬಾ. ನಾಳೆ ಹೋದ್ರೆ ಸಾಹೇಬ್ರು ಊರಲ್ಲಿಲ್ಲ. ಸಾಹೇಬ್ರು ಸಿಕ್ಕಿದ ದಿನ "ಅಪಾರ್ಟ್‌ಮೆಂಟಿನವರು ಬಿಲ್ ಪಾಸ್ ಮಾಡಿಲ್ಲ". ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಬಾಗಿಲು ತಟ್ಟಿದ್ರೆ "ನಾವು ಐದನೇ ತಾರೀಖೇ ಹಾಕಿದ್ದೀವಪ್ಪ, ಅದು ನಿಮ್ಮ ಏಜೆನ್ಸಿಯ ವಿಷಯ". ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಪೂಜಾರಿ ನುಂಗಿದ್ರೆ ದೇವರೇ ಕೊಡಬೇಕು ಅಂತ ಕಾನೂನಿದೆ. ದೇವರಿಗೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರ್ತಾರೆ.

ಈ ಕಳ್ಳತನ ಹೆಚ್ಚಾಗಿ ನಡೆಯೋದು ಏಜೆನ್ಸಿ ಬದಲಾಗುವ ತಿಂಗಳಲ್ಲಿ. ಹಳೆಯ ಏಜೆನ್ಸಿ ಕೊನೆಯ ಬಿಲ್ ತಗೊಂಡು ಫೋನ್ ಎತ್ತೋದು ಬಿಡುತ್ತೆ. ಹೊಸ ಏಜೆನ್ಸಿ ಅದೇ ಜನರಿಗೆ ಬೇರೆ ಬಣ್ಣದ ಶರ್ಟು ತೊಡಿಸುತ್ತೆ. ಅದೇ ಗೇಟು, ಅದೇ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಒಂದು ತಿಂಗಳ ಸಂಬಳ ಮಾತ್ರ ಮಾಯ. ಇದರ ಮೇಲೆ ಕೆಲಸಕ್ಕೆ ಸೇರುವಾಗಲೇ ಮೊದಲ ಹದಿನೈದು ದಿನದ ಸಂಬಳ "ಹೋಲ್ಡ್". ಬಿಟ್ಟು ಹೋಗದಿರಲಿ ಅಂತ ಕಟ್ಟುವ ಹಗ್ಗ ಅದು. ಜೊತೆಗೆ ಯೂನಿಫಾರ್ಮ್ ಡಿಪಾಸಿಟ್. ಸಂಬಳದ ಹೊಸ ಕೇಂದ್ರ ಕಾನೂನಾದ ವೇತನ ಸಂಹಿತೆಯ ಸೆಕ್ಷನ್ 18ರಲ್ಲಿ ಯಾವ್ಯಾವುದಕ್ಕೆ ಸಂಬಳ ಹಿಡಿಯಬಹುದು ಅಂತ ಪಟ್ಟಿ ಇದೆ, ಅದರಲ್ಲಿ ಯೂನಿಫಾರ್ಮ್ ಡಿಪಾಸಿಟ್ ಅನ್ನೋ ಬಾಬತ್ತೇ ಇಲ್ಲ.

ಇನ್ನೊಂದು ಲೆಕ್ಕ ಯಾರೂ ಹಾಕಲ್ಲ. ತಿಂಗಳಿಗೆ 15,600 ರೂಪಾಯಿ, 26 ದಿನ ಅಂತ ಇಟ್ಕೊಳ್ಳಿ. ದಿನಕ್ಕೆ 600. ಎಂಟು ಗಂಟೆಗೆ ಭಾಗಿಸಿದ್ರೆ ಗಂಟೆಗೆ 75. ಓವರ್‌ಟೈಮ್ ದರ ದುಪ್ಪಟ್ಟು, ಅಂದ್ರೆ 150. ಗೇಟಿನಲ್ಲಿ ಡ್ಯೂಟಿ 12 ಗಂಟೆ, ಹೆಚ್ಚುವರಿ ನಾಲ್ಕು ಗಂಟೆಗೆ ದಿನಕ್ಕೆ 600, ತಿಂಗಳಿಗೆ ಮತ್ತೊಂದು 15,600. ಹನ್ನೆರಡು ಗಂಟೆ ಕೂತವನಿಗೆ ಎರಡು ಸಂಬಳ ಬರಬೇಕು. ಕೈಗೆ ಬರೋದು ಒಂದು, ಅದೂ "ನಾಳೆ".

ವೇತನ ಸಂಹಿತೆ ಜಾರಿಗೆ ಬಂದಿದ್ದು 2025ರ ನವೆಂಬರ್ 21ರಂದು. ಹೊಸ ಕಾರ್ಮಿಕ ಸಂಹಿತೆಗಳನ್ನ ಬೈಯೋಕೆ ಬೇಕಾದಷ್ಟು ಕಾರಣಗಳಿವೆ, ಬೈಯೋಣ. ಆದರೆ ಕೈಗೆ ಸಿಗುವ ಕೋಲು ಯಾಕೆ ಬಿಡಬೇಕು? ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಆಗಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಆಗಬೇಕು. ಬಾಕಿಗೆ ಮೂರು ವರ್ಷದವರೆಗೆ ಅರ್ಜಿ ಹಾಕಬಹುದು, ಹಳೇ ಕಾಯ್ದೆಯಲ್ಲಿ ಒಂದೇ ವರ್ಷ ಇತ್ತು. ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಹೇರುವ ಅಧಿಕಾರ ವಿಚಾರಣೆ ಮಾಡುವ ಪ್ರಾಧಿಕಾರಕ್ಕಿದೆ. ಸಂಬಳ ಕೊಟ್ಟಿದ್ದೀನಿ ಅಂತ ಸಾಬೀತು ಮಾಡೋದು ಮಾಲೀಕನ ಹೊಣೆ (ಸೆಕ್ಷನ್ 59). ಅಸೋಸಿಯೇಷನ್‌ಗಳು ಫ್ರೇಮ್ ಹಾಕಿಸಿ ನೇತುಹಾಕಬೇಕಾದದ್ದು ಸೆಕ್ಷನ್ 43: ಉದ್ಯೋಗದಾತ ಕೊಡದಿದ್ದರೆ ಆ ಸ್ಥಳದ ಒಡೆತನ ಇರುವ ಕಂಪನಿ, ಫರ್ಮ್, ಸಂಘ, ಯಾರೇ ಆಗಲಿ, ಹೊಣೆ ಅವರದು. ಆದ್ದರಿಂದ ಅರ್ಜಿಯಲ್ಲಿ ಏಜೆನ್ಸಿ ಒಂದನ್ನೇ ಎದುರುದಾರ ಮಾಡಿ ಕೂರಬೇಡಿ, ಅಸೋಸಿಯೇಷನ್ನನ್ನೂ ಸೇರಿಸಿ. ಬಿಟ್ಟರೆ ಕೇಸು ಗೆದ್ದ ದಿನ ಕೈಗೆ ಸಿಗೋದು ಖಾಲಿ ಆಫೀಸಿನ ವಿಳಾಸ.

ಕೇಸು ಸೋಲೋದು ಕಾಗದದಲ್ಲಿ. ಸೂಪರ್‌ವೈಸರ್ ಹಾಜರಿ ಹಾಕೋದು ಪೆನ್ಸಿಲಲ್ಲಿ, ತಿಂಗಳ ಕೊನೆಗೆ ಬೇಕಾದ ಹಾಗೆ ಅಳಿಸೋಕೆ. ಅದಕ್ಕೆ ಮದ್ದು ಒಂದು ಪಾಕೆಟ್ ಡೈರಿ: ತಾರೀಖು, ಗೇಟ್ ನಂಬರ್, ಒಳಗೆ ಬಂದ ಹೊತ್ತು, ಹೋದ ಹೊತ್ತು, ಯಾರಿಂದ ಚಾರ್ಜ್ ತಗೊಂಡಿದ್ದು. ಅವತ್ತೇ ಪೆನ್ನಲ್ಲಿ ಬರೀಬೇಕು. ಇನ್ನೊಂದು ಸಾಕ್ಷಿಯನ್ನ ಏಜೆನ್ಸಿಗಳೇ ತಯಾರು ಮಾಡಿಕೊಡ್ತಿವೆ. ಶಿಫ್ಟ್ ಶುರುವಾಗ್ತಿದ್ದಂತೆ ಲೊಕೇಶನ್ ಮುದ್ರೆ ಇರುವ ಸೆಲ್ಫಿಯನ್ನ ವಾಟ್ಸಾಪ್ ಗ್ರೂಪಿಗೆ ಹಾಕಿಸ್ತಾರಲ್ಲ, ಅದು. ಜಗಳ ಶುರುವಾಗುವ ಮೊದಲೇ ಆ ಚಾಟನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಅಡ್ಮಿನ್ "ಡಿಸಪಿಯರಿಂಗ್ ಮೆಸೇಜ್" ಒತ್ತಿದ ಅಂದ್ರೆ ಅವತ್ತೇ ಎಚ್ಚರವಾಗಬೇಕು.

ಮೂಗಿಗೆ ತುಪ್ಪ ಸವರುವ ಪೇಮೆಂಟುಗಳು ಬರ್ತವೆ. ಯಾರದೋ ಪರ್ಸನಲ್ ನಂಬರಿನಿಂದ ಎರಡು ಸಾವಿರ, ಯಾವುದಕ್ಕೆ ಅಂತ ಒಂದು ಮಾತಿಲ್ಲ. ಮುಂದೆ "ಉಳಿದದ್ದು ಕ್ಯಾಶ್ ಕೊಟ್ಟಿದ್ದೆ" ಅಂತಾನೆ. ದುಡ್ಡು ಬಂದ ಐದು ನಿಮಿಷದಲ್ಲಿ ಅವನ ನಂಬರಿಗೇ ಮೆಸೇಜ್ ಹಾಕಿ: "ಮಾರ್ಚ್ ಸಂಬಳದಲ್ಲಿ 2,000 ಬಂತು, 13,600 ಬಾಕಿ ಇದೆ." ಅವನು ಉತ್ತರ ಕೊಡಲ್ಲ. ಆ ಮೌನವೂ ದಾಖಲೆಯೇ. ರೆವಿನ್ಯೂ ಸ್ಟಾಂಪ್ ಅಂಟಿಸಿದ ಖಾಲಿ ವೋಚರಿಗೆ ಸಹಿ ಮಾತ್ರ ಯಾವ ಕಾರಣಕ್ಕೂ ಬೇಡ. ಒತ್ತಾಯ ಮಾಡಿದ್ರೆ ಬಂದ ಮೊತ್ತವನ್ನ ಅಕ್ಷರದಲ್ಲಿ ಬರೆದು, "ಉಳಿದ ಬಾಕಿಯ ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ಸೇರಿಸಿ ಸಹಿ ಹಾಕಿ.

ಒಬ್ಬೊಬ್ಬರೇ ಹೋಗೋದು ದಂಡ. ಒಂದೇ ಸಂಸ್ಥೆಯಲ್ಲಿ ದುಡಿದವರು ಎಷ್ಟೇ ಜನ ಇದ್ದರೂ ಒಂದೇ ಅರ್ಜಿ ಸಾಕು, ಸದಸ್ಯರಾಗಿದ್ದರೆ ನೋಂದಾಯಿತ ಯೂನಿಯನ್ನೇ ಅವರ ಪರ ಹಾಕಬಹುದು. ಆದರೆ ಸಿಟ್ಟಿಗೆ ಎಲ್ಲರೂ ನಾಳೆಯಿಂದಲೇ ಡ್ಯೂಟಿ ಬಿಟ್ಟುಬಿಡೋಣ ಅಂತ ಹೊರಡಬೇಡಿ. ಒಪ್ಪಂದದಲ್ಲಿ ಬೇಕೆಂದಿರುವ ನೋಟಿಸ್ ಕೊಡದೆ, ಸಕಾರಣವಿಲ್ಲದೆ ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ಗೈರಾದರೆ ಎಂಟು ದಿನದವರೆಗಿನ ಸಂಬಳ ಹಿಡಿಯೋಕೆ ಸೆಕ್ಷನ್ 20ರಲ್ಲಿ ದಾರಿ ಇದೆ. ಸಂಬಳ ಕೊಡದಿದ್ದೇ ಸಕಾರಣ ಅಂತ ವಾದ ಮಾಡಬಹುದು, ವಾದ ಮುಗಿಯೋತನಕ ಹೊಟ್ಟೆ ಕಾಯಬೇಕಲ್ಲ. ಮೊದಲು ಎಲ್ಲರ ಸಹಿಯ ಒಂದು ಪತ್ರ ಏಜೆನ್ಸಿಗೆ, ಅದರ ಪ್ರತಿ ಅಸೋಸಿಯೇಷನ್‌ಗೆ, ಎರಡೂ ಸ್ಪೀಡ್ ಪೋಸ್ಟಲ್ಲಿ. ರಸೀದಿ ಹರಿಯೋಕೆ ಬಿಡಬೇಡಿ. ಪೊಲೀಸ್ ಸ್ಟೇಷನ್ನಿನಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ಕಳಿಸ್ತಾರೆ, ಅಲ್ಲಿ ದಿನ ಕಳೆಯೋದು ಬಿಟ್ಟು ಲೇಬರ್ ಆಫೀಸಿಗೆ ಹೋಗಿ. ವಕೀಲರ ಫೀಸಿಗೆ ಹೆದರಬೇಕಿಲ್ಲ, 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಬಹುದು.

ಒಟ್ಟಾದ್ರೆ ಏನಾಗುತ್ತೆ ಅನ್ನೋರು ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನ ನೆನಪಿಸಿಕೊಳ್ಳಲಿ. 2020ರಲ್ಲಿ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ 417 ರೂಪಾಯಿ. ಸರ್ಕಾರವೇ ಅದನ್ನ ಮುಂದೂಡಿತು. ಯೂನಿಯನ್‌ಗಳು ಹೈಕೋರ್ಟಿಗೆ ಹೋದವು, ಆದೇಶಕ್ಕೆ ತಡೆ ಬಿತ್ತು. ಆಮೇಲೂ ಕಾರ್ಖಾನೆಗಳು ಕೊಡದೆ ಎಳೆದಾಡಿ, ಒತ್ತಡ ಹೆಚ್ಚಾದ ಮೇಲೆ 2022ರಲ್ಲಿ ಬಾಕಿ ಕೊಡೋಕೆ ಶುರು ಮಾಡಿದವು. ದಿನಕ್ಕೆ ಹದಿನಾರು ರೂಪಾಯಿಗೆ ಎರಡು ವರ್ಷದ ಜಗಳ!

ಅಪಾರ್ಟ್‌ಮೆಂಟಿನವರೇ, ಮೈಂಟೆನೆನ್ಸ್ ಒಂದು ದಿನ ತಡವಾದ್ರೆ ದಂಡ ಹಾಕುವ ನಿಮ್ಮ ಕಮಿಟಿ ಇಷ್ಟು ಮಾಡಲಿ ಸಾಕು. ಏಜೆನ್ಸಿಯ ಬಿಲ್ ಪಾಸ್ ಮಾಡುವ ಮೊದಲು ಹಿಂದಿನ ತಿಂಗಳ ಬ್ಯಾಂಕ್ ಟ್ರಾನ್ಸ್‌ಫರ್ ಪಟ್ಟಿ, ಹೆಸರುಗಳಿರುವ ಪಿಎಫ್ ಚಲನ್ ಪಟ್ಟಿ, ಇಎಸ್‌ಐ ಚಲನ್ ಕೇಳಿ. ಚಲನ್ ಮೊತ್ತ ನೋಡಿ ತಲೆಯಾಡಿಸಬೇಡಿ. ಅದರಲ್ಲಿರುವ ಹೆಸರುಗಳನ್ನ ಗೇಟಿನ ರಿಜಿಸ್ಟರ್ ಜೊತೆ ತಾಳೆ ಹಾಕಿ, ನಿಮ್ಮ ಗೇಟನ್ನೇ ನೋಡದವರ ಹೆಸರುಗಳು ಸಿಗುತ್ತವೆ. ಗುತ್ತಿಗೆ ಮುಗಿಯುವ ತಿಂಗಳ ಬಿಲ್ಲನ್ನ, ಎಲ್ಲರ ಖಾತೆಗೂ ಸಂಬಳ ಬಿದ್ದ ಮೇಲೆ ಬಿಡುಗಡೆ ಮಾಡಿ.

ಆದೇಶ ಬಂದ ಮೇಲೂ ಏಜೆನ್ಸಿ ಕೊಡದಿದ್ದರೆ ಹಣ ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಫೈಲು ಡಿಸಿ ಆಫೀಸಿಗೆ, ಅಲ್ಲಿಂದ ತಹಸೀಲ್ದಾರ್ ಟೇಬಲ್ಲಿಗೆ ಹೋಗಿ, "ಸದರಿ ವಿಳಾಸದಲ್ಲಿ ಯಾರೂ ಇಲ್ಲ" ಅನ್ನೋ ಷರಾ ಹೊತ್ತು ವಾಪಸ್ ಬರುತ್ತೆ. ಏಜೆನ್ಸಿಯ ಬಿಲ್ಲಿನ ತಲೆಯ ಮೇಲೆ ಜಿಎಸ್‌ಟಿ ನಂಬರ್ ಇರುತ್ತೆ, ಅದರೊಳಗೇ ಪ್ಯಾನ್ ನಂಬರ್ ಅಡಗಿರುತ್ತೆ, ಕೆಳಗೆ ಬ್ಯಾಂಕ್ ಖಾತೆ ಇರುತ್ತೆ. ವಿಳಾಸ ಖಾಲಿಯಾದರೂ ಏಜೆನ್ಸಿಯ ಜಾಡು ಹಿಡಿಯೋಕೆ ಇವೇ ಸುಳಿವು. ಅಸೋಸಿಯೇಷನ್ ಆಫೀಸಿನ ಬೋರ್ಡಿಗೆ ಆ ಬಿಲ್ ಚುಚ್ಚಿರುವಾಗಲೇ ಒಂದು ಫೋಟೋ ಹೊಡೆದುಕೊಳ್ಳಿ. ಏಜೆನ್ಸಿ ಬದಲಾದ ಮಾರನೇ ದಿನ ಅಲ್ಲಿ ಬರೀ ಗುಂಡುಪಿನ್ನು ಇರುತ್ತೆ.